ಉತ್ತರ ಬರಲಿಲ್ಲ ಅಂದ್ರೆ ಪಾವತಿ ವಿಫಲ ಅಂತಲ್ಲ

ಸಂಪಾದಕರಿಗೆ ನಮಸ್ಕಾರ.

‘ಶುಲ್ಕ ಕಟ್ಟಲು ಹೋದೆ, ಪಾವತಿ ವಿಫಲ ಅಂತ ಬಂತು, ಮತ್ತೆ ಕಟ್ಟಿದೆ, ಎರಡೂ ಸಲ ದುಡ್ಡು ಹೋಯ್ತು.’ ಇಂಥ ದೂರುಗಳು ಓದುಗರ ಪತ್ರಗಳಲ್ಲಿ ಆಗಾಗ ಬರುತ್ತಿರುತ್ತವೆ. ಸಂಬಂಧಪಟ್ಟವರು ‘ಸರ್ವರ್ ಸಮಸ್ಯೆ’ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಹಣ ಪಾವತಿಯ ಹಿಂದೆ ಓಡುವ ಕೋಡ್ ಬರೆಯುವುದೇ ನನ್ನ ಕೆಲಸ. ಆ ಅನುಭವದಿಂದ ಹೇಳುತ್ತೇನೆ, ಪಾಪ, ಸರ್ವರ್ ಎಷ್ಟೋ ಸಲ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ. ಅದರ ಉತ್ತರ ತಡವಾದರೆ ಏನು ಮಾಡಬೇಕು ಅಂತ ವೆಬ್‌ಸೈಟ್ ಕಟ್ಟಿದವರು ಯೋಚಿಸಿರುವುದಿಲ್ಲ.

ನನ್ನ ಚಿಕ್ಕಮ್ಮನ ಮಗ ಹೋದ ವರ್ಷ ಒಂದು ಕಾಲೇಜಿಗೆ ಪ್ರವೇಶ ಶುಲ್ಕ ಕಟ್ಟಿದ. ಅವತ್ತೇ ಕೊನೆಯ ದಿನ. ಪರದೆ ಮೇಲೆ ಚಕ್ರ ಸುತ್ತಿತು, ಸುತ್ತಿತು, ಆಮೇಲೆ ಕೆಂಪಕ್ಷರದಲ್ಲಿ ‘ವಿಫಲ, ಮತ್ತೆ ಪ್ರಯತ್ನಿಸಿ’ ಅಂತ ಬಂತು. ಕೆಳಗೆ ದೊಡ್ಡ ಬಟನ್. ಹುಡುಗ ಒತ್ತಿದ. ಕೊನೆಯ ದಿನ ಯಾರಾದರೂ ಒತ್ತದೇ ಇರ್ತಾರಾ? ಸಂಜೆ ಎರಡು ರಸೀದಿ ಬಂದವು. ಒಂದರ ಹಣ ವಾಪಸ್ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು. ಚಿಕ್ಕಮ್ಮ ಆ ದುಡ್ಡನ್ನು ಸಂಘದಿಂದ ಸಾಲ ತಂದಿದ್ದರು.

ಅಲ್ಲಿ ನಡೆದದ್ದು ಇಷ್ಟು. ಕಾಲೇಜಿನ ವೆಬ್‌ಸೈಟ್ ಪೇಮೆಂಟ್ ಗೇಟ್‌ವೇಯನ್ನು, ಅಂದರೆ ಪಾವತಿಯನ್ನು ಬ್ಯಾಂಕಿನವರೆಗೆ ಮುಟ್ಟಿಸುವ ಮಧ್ಯವರ್ತಿ ಕಂಪನಿಯನ್ನು, ಕೇಳುತ್ತದೆ. ಅದು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಮೂಲಕ ಬ್ಯಾಂಕನ್ನು ಕೇಳುತ್ತದೆ. ಉತ್ತರ ಅದೇ ದಾರಿಯಲ್ಲಿ ಹಿಂದಿರುಗಬೇಕು. ಅಷ್ಟು ಹೊತ್ತು ಪ್ರೋಗ್ರಾಂ ಸುಮ್ನೆ ಕೂತರೆ ಸಾವಿರಾರು ಜನ ಒಟ್ಟಿಗೆ ಬಂದಾಗ ಎಲ್ಲರೂ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಅದಕ್ಕೇ ಅಸಿಂಕ್ರೋನಸ್ ಪದ್ಧತಿ. ಒಂದು ಕೋರಿಕೆ ಕಳಿಸಿ, ಅದರ ಉತ್ತರ ಬರುವವರೆಗೆ ಬೇರೆಯವರ ಕೆಲಸ ನೋಡುವುದು. ಆದರೆ ಕಾಯುವುದಕ್ಕೂ ಒಂದು ಮಿತಿ ಬೇಕಲ್ವಾ? ಆ ಮಿತಿ ಮುಗಿದಾಗ ಆಗುವುದೇ ಟೈಮ್‌ಔಟ್.

ಮಿತಿ ಮುಗಿದ ಗಳಿಗೆಯಲ್ಲಿ ಕೋರಿಕೆ ಬ್ಯಾಂಕಿಗೆ ತಲುಪಿಯೇ ಇಲ್ಲದಿರಬಹುದು. ತಲುಪಿ, ಕೆಲಸ ಇನ್ನೂ ನಡೆಯುತ್ತಿರಬಹುದು. ಹಣ ಕಡಿತವಾಗಿ, ‘ಆಯಿತು’ ಎಂಬ ಉತ್ತರ ಮಾತ್ರ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿರಬಹುದು. ಕಾಯುತ್ತಿರುವ ಪ್ರೋಗ್ರಾಂಗೆ ಈ ಮೂರರಲ್ಲಿ ಯಾವುದು ಅಂತ ಗೊತ್ತಾಗುವ ದಾರಿಯೇ ಇಲ್ಲ. ಹಾಗಿದ್ದೂ ಪರದೆ ಮೇಲೆ ‘ವಿಫಲ’ ಎಂದು ಬರೆದರೆ ಅದು ಸುಳ್ಳು.

ಈ ಸುಳ್ಳು ಹುಟ್ಟುವುದು ಕೋಡಿನಲ್ಲಿ. ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋರಿಕೆ ಕಳಿಸುವ ‘ಫೆಚ್’ಗೆ ನಾವು ಹೇಳದ ಹೊರತು ಟೈಮ್‌ಔಟ್ ಇಲ್ಲ. ಪೈಥಾನ್ ಎಂಬ ಇನ್ನೊಂದು ಭಾಷೆಯವರು ಹೆಚ್ಚಾಗಿ ಬಳಸುವ ‘ರಿಕ್ವೆಸ್ಟ್ಸ್’ ಲೈಬ್ರರಿಯಲ್ಲೂ ಹಾಗೇ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಇದೇ ಕೆಲಸ ಮಾಡುವ ‘ಎಚ್‌ಟಿಟಿಪಿ ಕ್ಲೈಂಟ್’ ತಾನಾಗಿ 100 ಸೆಕೆಂಡ್ ಕಾಯುತ್ತದೆ, ಅಂಗಡಿಯ ಮುಂದೆ ನಿಂತವರು ಯಾರೂ ಅಷ್ಟು ಕಾಯುವುದಿಲ್ಲ. ಹೀಗಾಗಿ ಪ್ರೋಗ್ರಾಮರ್‌ಗಳು ‘ಪ್ರಾಮಿಸ್ ರೇಸ್’ ಎಂಬ ಉಪಾಯ ಹೂಡುತ್ತಾರೆ. ಒಂದು ಕಡೆ ನಿಜವಾದ ಕೋರಿಕೆ, ಇನ್ನೊಂದು ಕಡೆ 10 ಸೆಕೆಂಡಿನ ಗಡಿಯಾರ, ಯಾವುದು ಮೊದಲು ಮುಗಿಯುತ್ತೋ ಅದೇ ಫಲಿತಾಂಶ. ಗಡಿಯಾರ ಗೆದ್ದರೆ ‘ವಿಫಲ’. ಆದರೆ ಸೋತ ಕೋರಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಅದು ತನ್ನ ಪಾಡಿಗೆ ಓಡಿ, ಬ್ಯಾಂಕ್ ಮುಟ್ಟಿ, ಹಣ ಕಡಿತ ಮಾಡಿಸಿಯೇ ಬರುತ್ತದೆ. ಆ ಹೊತ್ತಿಗೆ ಅದರ ಉತ್ತರ ಕೇಳುವವರು ಯಾರೂ ಇರುವುದಿಲ್ಲ.

‘ಕೋರಿಕೆಯನ್ನು ನಡುವೆಯೇ ಕೈಬಿಡುವ ಅಬಾರ್ಟ್ ಕಂಟ್ರೋಲರ್ ಇದೆಯಲ್ಲ, ಪೈಥಾನ್ 3.11ರಲ್ಲಿ ಕಾಯುವುದಕ್ಕೆ ಮಿತಿ ಹಾಕುವ ಅಸಿಂಕ್‌ಐಒ ಟೈಮ್‌ಔಟ್ ಬಂದಿದೆಯಲ್ಲ’ ಎಂದು ನನ್ನ ಓರಗೆಯವರು ಹೇಳಬಹುದು. ಬಳಸಿ, ಒಳ್ಳೆಯದೇ. ಆದರೆ ಅವು ನಿಲ್ಲಿಸುವುದು ನಮ್ಮ ಕಡೆಯ ಕಾಯುವಿಕೆಯನ್ನು ಮಾತ್ರ. ಬ್ಯಾಂಕಿನ ಪುಸ್ತಕದಲ್ಲಿ ಆಗಲೇ ಬಿದ್ದ ಬರಹವನ್ನು ಅವು ಅಳಿಸುವುದಿಲ್ಲ. ಇನ್ನೊಂದು ಎಡವಟ್ಟೂ ನಡೆಯುತ್ತದೆ. ವೆಬ್‌ಸೈಟ್ 10 ಸೆಕೆಂಡಿಗೆ ಕೈಬಿಡುತ್ತದೆ, ಅದರ ಹಿಂದಿನ ಗೇಟ್‌ವೇ 30 ಸೆಕೆಂಡ್ ಕಾಯುತ್ತದೆ. ನಡುವಿನ 20 ಸೆಕೆಂಡಿನಲ್ಲಿ ಮುಗಿಯುವ ಪಾವತಿಗಳೆಲ್ಲ ಪರದೆ ಮೇಲೆ ‘ವಿಫಲ’. ಎಷ್ಟು ಸಮಯ ಉಳಿದಿದೆ ಅನ್ನುವುದನ್ನು ಒಂದು ಕೋರಿಕೆಯಿಂದ ಮುಂದಿನ ಕೋರಿಕೆಗೆ ದಾಟಿಸುವ ‘ಕಾಂಟೆಕ್ಸ್ಟ್’ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 2016ರಿಂದಲೇ ಅಂತರ್ಗತವಾಗಿದೆ. ಸೌಲಭ್ಯ ಇದ್ದೂ ಬಳಸದವರಿಗೆ ಏನು ಹೇಳೋಣ.

ತಿಪಟೂರಿನಲ್ಲಿ ನಮ್ಮ ಅಪ್ಪನದು ದಿನಸಿ ಅಂಗಡಿ. ಗಿರಾಕಿ ಸ್ಕ್ಯಾನ್ ಮಾಡಿ ‘ಹೋಯ್ತು’ ಅಂತಾರೆ, ಹಣ ಬಂದರೆ ಕೂಗುವ ಡಬ್ಬಿ ಮಾತಾಡುವುದಿಲ್ಲ. ಅಪ್ಪ ‘ಇನ್ನೊಮ್ಮೆ ಹಾಕಿ’ ಅನ್ನುವುದಿಲ್ಲ, ಜಗಳಕ್ಕೂ ಹೋಗುವುದಿಲ್ಲ. ಸಾಲದ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಹೆಸರು, ಮೊತ್ತ ಬರೆದುಕೊಂಡು ಸಾಮಾನು ಕೊಟ್ಟು ಕಳಿಸುತ್ತಾರೆ. ಡಬ್ಬಿ ಕೂಗಿದ ಮೇಲೆ ಬರೆದದ್ದನ್ನು ಹೊಡೆದು ಹಾಕುತ್ತಾರೆ. ಕೂಗದಿದ್ದರೆ ರಾತ್ರಿ ಸ್ಟೇಟ್‌ಮೆಂಟ್ ನೋಡುತ್ತಾರೆ. ನಾವು ಬರೆಯುವ ಕೋಡೂ ಇದನ್ನೇ ಮಾಡಬೇಕು. ಆಯಿತು, ಇಲ್ಲ ಎಂಬ ಎರಡರ ಜೊತೆಗೆ ‘ಇನ್ನೂ ಗೊತ್ತಿಲ್ಲ’ ಎಂಬ ಮೂರನೇ ಸ್ಥಿತಿಯನ್ನೂ ಬರೆದಿಟ್ಟುಕೊಳ್ಳಬೇಕು. ಮೊದಲ ಸಲ ಕಳಿಸುವ ಮುಂಚೆಯೇ ಪಾವತಿಗೊಂದು ಗುರುತಿನ ಸಂಖ್ಯೆ ಕೊಟ್ಟು, ಮತ್ತೆ ಕಳಿಸುವಾಗಲೂ ಅದನ್ನೇ ಕಳಿಸಬೇಕು. ಆ ಸಂಖ್ಯೆಯ ಕೆಲಸ ಆಗಲೇ ಮುಗಿದಿದ್ದರೆ ಆಚೆ ಕಡೆಯವರು ಮತ್ತೆ ಹಣ ಕಡಿತ ಮಾಡದೆ ಹಳೆಯ ಉತ್ತರವನ್ನೇ ವಾಪಸ್ ಕೊಡಬೇಕು. ಹಾಗಾದರೆ ಹುಡುಗ ಬಟನ್ನನ್ನು ಎಷ್ಟು ಸಲ ಬೇಕಾದರೂ ಒತ್ತಲಿ ಬಿಡಿ.

ಗೊತ್ತಿಲ್ಲದಾಗ ವಿಚಾರಿಸಬೇಕು, ಸರಿ. ಅದಕ್ಕೂ ಹದ ಇದೆ. 2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಗಂಟೆಗಟ್ಟಲೆ ಕೈಕೊಟ್ಟಿದ್ದು ನೆನಪಿರಬಹುದು. ‘ಆ ಪಾವತಿ ಏನಾಯ್ತು’ ಎಂದು ಬ್ಯಾಂಕುಗಳ ಕಡೆಯಿಂದ ಲೆಕ್ಕವಿಲ್ಲದಷ್ಟು ವಿಚಾರಣೆಗಳು ಬಂದದ್ದೇ ಕಾರಣ ಎಂದು ಎನ್‌ಪಿಸಿಐ ಕಂಡುಕೊಂಡಿತು. ಒಬ್ಬೊಬ್ಬರೂ ಬಿಡುವಿಲ್ಲದೆ ಕೇಳುತ್ತಾ ಹೋದರೆ ಉತ್ತರ ಕೊಡಬೇಕಾದ ವ್ಯವಸ್ಥೆಯೇ ಕುಸಿಯುತ್ತದೆ. ಈಗ ಒಂದು ಪಾವತಿಯ ಬಗ್ಗೆ ಎರಡು ಗಂಟೆಯೊಳಗೆ ಹೆಚ್ಚೆಂದರೆ 3 ಸಲ ಕೇಳಿ ಎಂಬ ನಿಯಮ ಇದೆ. ಒಳ್ಳೆಯ ಕೋಡ್ ಪ್ರತಿ ಸಲವೂ ಮೊದಲಿಗಿಂತ ಜಾಸ್ತಿ ಹೊತ್ತು ಬಿಟ್ಟು ಕೇಳುತ್ತದೆ. ಎಲ್ಲರೂ ಒಂದೇ ಕ್ಷಣಕ್ಕೆ ಮುಗಿಬೀಳದಂತೆ ಆ ಅಂತರವನ್ನು ಸ್ವಲ್ಪ ಹೆಚ್ಚುಕಮ್ಮಿಯೂ ಮಾಡುತ್ತದೆ.

ಅದೇ ವರ್ಷ ಜೂನ್ 16ರಿಂದ ಯುಪಿಐ ಪಾವತಿಗೆ ಉತ್ತರಿಸುವ ಗಡುವನ್ನು 30 ಸೆಕೆಂಡಿನಿಂದ 15ಕ್ಕೆ, ‘ಏನಾಯ್ತು’ ಎಂಬ ವಿಚಾರಣೆಯದನ್ನು 30ರಿಂದ 10ಕ್ಕೆ ಎನ್‌ಪಿಸಿಐ ಇಳಿಸಿತು. ವೇಗ ಹೆಚ್ಚಿದ್ದು ಸಂತೋಷ. ಆದರೆ ಗಡುವು ಚಿಕ್ಕದಾದಷ್ಟೂ ಅದನ್ನು ದಾಟುವ ಪಾವತಿ ಜಾಸ್ತಿಯಾಗಬಹುದು. ಅಷ್ಟು ಸಲವೂ ಪರದೆ ‘ವಿಫಲ’ ಅಂದರೆ ಗತಿ?

ಇನ್ನು ಪರಿಹಾರದ ವಿಷಯ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಒಳ್ಳೆಯ ನಿಯಮ ಮಾಡಿದೆ. ಯುಪಿಐನಲ್ಲಿ ಹಣ ಕಡಿತವಾಗಿ ಇನ್ನೊಬ್ಬರ ಖಾತೆಗೆ ಸೇರದಿದ್ದರೆ ಮರುದಿನದೊಳಗೆ, ವ್ಯಾಪಾರಿಗೆ ಪಾವತಿ ಆದದ್ದು ಖಚಿತವಾಗದಿದ್ದರೆ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆದರೆ ಎರಡು ಸಲ ಶುಲ್ಕ ಕಟ್ಟಿದವರಿಗೆ ಇದರಿಂದ ಪ್ರಯೋಜನವಿಲ್ಲ. ಅವರ ಎರಡೂ ಪಾವತಿ ಯಶಸ್ವಿಯಾಗಿರುತ್ತವೆ. ಬ್ಯಾಂಕಿನ ಲೆಕ್ಕದಲ್ಲಿ ಯಾವ ತಪ್ಪೂ ಇಲ್ಲ. ಹಾಗಾಗಿ ಕಾಲೇಜಿನ ಅಕೌಂಟ್ಸ್ ವಿಭಾಗದ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು. ಚಿಕ್ಕಮ್ಮ ಪ್ರತಿ ಸಲ ಬಸ್ಸಿಗೆ ದುಡ್ಡು ಹಾಕಿಕೊಂಡು ಹೋಗಿ ನಿಂತಿದ್ದೂ ಅಲ್ಲೇ.

ಶುಲ್ಕ ಪಡೆಯುವ ಕಾಲೇಜು, ನಿಗಮ, ಇಲಾಖೆಗಳವರಲ್ಲಿ ನನ್ನ ವಿನಂತಿ ಇಷ್ಟೇ. ವೆಬ್‌ಸೈಟ್ ಮಾಡಿಕೊಟ್ಟವರಿಗೆ ಬಿಲ್ ಪಾಸ್ ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿಸಿ. ಪ್ರಯೋಗಕ್ಕೆಂದೇ ಇರುವ ಟೆಸ್ಟ್ ಸರ್ವರಿನಲ್ಲಿ ಹಣ ಕಡಿತವಾಗಲಿ, ಉತ್ತರವನ್ನು ಮಾತ್ರ ಒಂದು ನಿಮಿಷ ತಡೆಹಿಡಿಯಲಿ. ಅಷ್ಟರಲ್ಲಿ ಪರದೆ ಏನು ಹೇಳುತ್ತದೆ ನೋಡಿ, ಬಟನ್ ಮತ್ತೆ ಒತ್ತಿ. ಎರಡು ರಸೀದಿ ಬಂದರೆ ಸೈಟನ್ನು ವಾಪಸ್ ಕಳಿಸಿ. ಅರ್ಧ ದಿನದ ಕೆಲಸ, ಇದಕ್ಕೆ ತಜ್ಞರೂ ಬೇಡ. ಮುಂದಿನ ಪ್ರವೇಶ ಶುರುವಾಗುವ ಮುಂಚೆಯೇ ಮಾಡಿಸಿದರೆ ಒಳ್ಳೆಯದು.

– ಒಬ್ಬ ಸಾಫ್ಟ್‌ವೇರ್ ಉದ್ಯೋಗಿ, ತಿಪಟೂರು