‘ಇತರೆ’ ಕಾಲಂನವರು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, “ವೋಟು ಹಾಕಬಹುದು ಅಂದಮೇಲೆ ಚುನಾವಣೆಗೂ ನಿಲ್ಲಬಹುದು ಅಲ್ವಾ?” ಅಂತ. ಬಸ್ಸಿನ ಗಲಾಟೆಯಲ್ಲಿ ಸುಮ್ಮನಾಗಿಬಿಟ್ಟೆ. ಈಗ ಬರೆಯುತ್ತೇನೆ.

ಯುರೋಪಿನ ಬೋಸ್ನಿಯಾ ದೇಶದಲ್ಲಿ ಹಾಗಿಲ್ಲ. 1992ರಿಂದ 1995ರವರೆಗೆ ಅಲ್ಲಿ ಯುದ್ಧ ನಡೆಯಿತು. ಅದನ್ನು ನಿಲ್ಲಿಸಲು ಅಮೆರಿಕದ ಡೇಟನ್ನಿನಲ್ಲಿ ಕೂತು ಒಪ್ಪಂದ ಮಾಡಿಕೊಂಡರು. ಆ ಒಪ್ಪಂದದ ಒಂದು ಅನುಬಂಧವೇ ಇವತ್ತಿಗೂ ದೇಶದ ಸಂವಿಧಾನ! ಹೊಡೆದಾಡುತ್ತಿದ್ದ ಬೋಸ್ನಿಯಾಕ್ (ಹೆಚ್ಚಿನವರು ಮುಸ್ಲಿಮರು), ಸರ್ಬ್, ಕ್ರೊಯೇಟ್ ಜನರಿಗೆ ಅಧಿಕಾರವನ್ನು ಮೂರು ಪಾಲು ಮಾಡಿ ಕೊಟ್ಟರು. ಅಧ್ಯಕ್ಷ ಪೀಠದಲ್ಲಿ ಮೂವರು, ತಲಾ ಒಬ್ಬರು. ಮೇಲ್ಮನೆಯಲ್ಲಿ 15 ಜನ, ತಲಾ ಐವರು. ಮಿಕ್ಕವರೆಲ್ಲ ‘ಇತರರು’, ಅವರಿಗೆ ಈ ಎರಡರಲ್ಲೂ ಜಾಗವಿಲ್ಲ. ನಮ್ಮ ಅರ್ಜಿ ಫಾರಂನಲ್ಲಿ ಕೊನೆಗೆ ‘ಇತರೆ’ ಅಂತ ಇರುತ್ತಲ್ಲ, ಹಾಗೆ. ರೋಮಾಗಳು, ಯೆಹೂದಿಗಳು ಎಲ್ಲ ಅದರೊಳಗೆ. (ರೋಮಾ ಅಂದರೆ ಸುಮಾರು ಸಾವಿರ ವರ್ಷದ ಹಿಂದೆ ಭಾರತದಿಂದ ಹೊರಟವರು. ನೀರಿಗೆ ಈಗಲೂ ‘ಪಾನಿ’ ಅನ್ನುತ್ತಾರೆ.)

ಡೆರ್ವೊ ಸೇಯ್ದಿಚ್ ಎಂಬ ರೋಮಾ ಮತ್ತು ಯಾಕೊಬ್ ಫಿಂಟ್ಸಿ ಎಂಬ ಯೆಹೂದಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ಕೋರ್ಟಿಗೆ ಹೋದರು. ಯೆಹೂದಿಯಾದ್ದರಿಂದ ನಿಲ್ಲುವಂತಿಲ್ಲ ಅಂತ ಫಿಂಟ್ಸಿಗೆ ಚುನಾವಣಾ ಆಯೋಗವೇ ಬರೆದುಕೊಟ್ಟಿತ್ತು. ತಮಾಷೆ ನೋಡು, ತೀರ್ಪು ಬರುವ ಹೊತ್ತಿಗೆ ಆತ ಸ್ವಿಟ್ಜರ್ಲೆಂಡಿನಲ್ಲಿ ಅದೇ ಬೋಸ್ನಿಯಾದ ರಾಯಭಾರಿ.

ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು ಬೇರೆ. ಅಲ್ಲಿ ತಾನು ಯಾವ ಜನಾಂಗ ಅನ್ನುವುದನ್ನು ಅಭ್ಯರ್ಥಿಯೇ ಹೇಳಿಕೊಳ್ಳಬೇಕು. ಯಾರೂ ದಾಖಲೆ ಕೆದಕುವುದಿಲ್ಲ. “ನಾನು ಬೋಸ್ನಿಯಾಕ್” ಅಂತ ಒಂದು ಗೆರೆ ಬರೆದುಕೊಟ್ಟಿದ್ದರೆ ಸೇಯ್ದಿಚ್‌ಗೆ ಬಾಗಿಲು ತೆರೆಯುತ್ತಿತ್ತು. ಬರೆಯಲಿಲ್ಲ. ನಮ್ಮಲ್ಲಿ ಸೀಟಿಗೋಸ್ಕರ ಸುಳ್ಳು ಜಾತಿ ಸರ್ಟಿಫಿಕೇಟ್ ಮಾಡಿಸುವವರು ನೆನಪಾದರು.

2009ರ ಡಿಸೆಂಬರ್ 22ರಂದು ಇಬ್ಬರೂ ಗೆದ್ದರು. ಇದು ತಾರತಮ್ಯವೇ ಅಂತ ಕೋರ್ಟು ಹೇಳಿತು. ಆಮೇಲೆ 2010, 2014, 2018, 2022ರಲ್ಲಿ ಚುನಾವಣೆಗಳಾದವು, ಎಲ್ಲವೂ ಹಳೆಯ ನಿಯಮದಲ್ಲೇ. ಸಂವಿಧಾನ ತಿದ್ದಬೇಕಾದವರು ಆ ಮೂರು ಪಾಲಿನವರೇ. ತಮ್ಮ ಪಾಲನ್ನು ಯಾರು ಬಿಡುತ್ತಾರೆ ಹೇಳು? ಸೇಯ್ದಿಚ್ ವೋಟು ಹಾಕಬಹುದಪ್ಪ, ಧಾರಾಳವಾಗಿ. ಆದರೆ ಅಧ್ಯಕ್ಷ ಪೀಠಕ್ಕೆ ನಿಂತವರಲ್ಲಿ ‘ಇತರರು’ ಯಾರೂ ಇರುವುದಿಲ್ಲ.

ರೊಮೇನಿಯಾದ ಕಥೆ ಬೇರೆ. ಅಲ್ಲಿ ರೋಮಾಗಳಿಗೆ ಸಂಸತ್ತಿನ ಕೆಳಮನೆಯಲ್ಲಿ ಮೀಸಲು ಸೀಟು ಇದೆ. ಐದು ಲಕ್ಷಕ್ಕೂ ಹೆಚ್ಚು ಜನಕ್ಕೆ ಒಂದು. ಊರಿಗೆ ಬಂದಾಗ ಅದನ್ನು ಹೇಳುತ್ತೇನೆ.

ನಿನ್ನ ಗೆಳೆಯ