ತಾಯಿಮರ ನಿಧಿಗೆ ದೇಣಿಗೆ ಮನವಿ

ಮಾನ್ಯರೇ,

ಮೊದಲೇ ಹೇಳಿಬಿಡುತ್ತೇವೆ: ನಮ್ಮ ಸಸ್ಯೋದ್ಯಾನದ ಕೆಲವು ನೂರು ಮರಗಳು ಹೀರುವ ಇಂಗಾಲದಿಂದ ಭೂಮಿಯ ತಾಪ ಇಳಿಯುವುದಿಲ್ಲ. ಹಾಗೆಂದು ನಂಬಿಸಿ ಹಣ ಕೇಳುವುದು ನಮಗೆ ಸರಿಕಾಣದು. ನಾವು ಕೇಳುತ್ತಿರುವುದು ಕಾಡನ್ನು ಮತ್ತೆ ಎಬ್ಬಿಸುವಾಗ ಬೀಜ ಕೊಡಬೇಕಾದ ತಾಯಿಮರಗಳಿಗಾಗಿ.

ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ; ಹಾಗಾಗಿ ಕಟ್ಟಿಗೆ ಗಟ್ಟಿಯಾದಷ್ಟೂ ಅದರಲ್ಲಿ ಇಂಗಾಲ ಹೆಚ್ಚು. ಒಂದು ಘನಮೀಟರ್ ಬಾಲ್ಸಾ ಎಂಬ ಹಗುರ ಮರ ಸುಮಾರು 150 ಕಿಲೋ ತೂಗಿದರೆ, ಮಳೆಕಾಡಿನ ಗಟ್ಟಿಮರಗಳು 800 ಕಿಲೋ ದಾಟುತ್ತವೆ. ಇಂಥ ಗಟ್ಟಿಮರಗಳಲ್ಲಿ ಬಹಳಷ್ಟಕ್ಕೆ ದಪ್ಪ ಬೀಜ. ಅದನ್ನು ನುಂಗಿ ದೂರ ಒಯ್ಯಲು ಮಂಗಟ್ಟೆಯಂಥ ದೊಡ್ಡ ಹಕ್ಕಿಗಳೇ ಬೇಕು. ಹಕ್ಕಿ ಹೋದ ಕಾಡಿನಲ್ಲಿ ಹಣ್ಣು ಬುಡದಲ್ಲೇ ಬಿದ್ದು ಕೊಳೆಯುತ್ತದೆ. ಜಗತ್ತಿನ ಸುಮಾರು 58,500 ಮರಜಾತಿಗಳಲ್ಲಿ ಶೇ 30ರಷ್ಟು ಅಳಿವಿನಂಚಿಗೆ ಬಂದಿವೆ ಎಂದು 2021ರ ಜಾಗತಿಕ ವರದಿ ಹೇಳಿತು.

ಬೀಜವನ್ನು ಶೀತಲ ಕೋಣೆಯಲ್ಲಿಟ್ಟರೆ ಸಾಲದೇ? ಸಾಲದು. ಮೈನಸ್ 20 ಡಿಗ್ರಿಯಲ್ಲಿಡುವ ಮೊದಲು ಬೀಜದ ತೇವ ಶೇ 5ರ ಆಸುಪಾಸಿಗೆ ಇಳಿಯಬೇಕು. ಮಳೆಕಾಡಿನ ಅನೇಕ ಬೀಜಗಳು ಶೇ 20-30ಕ್ಕೆ ಇಳಿಯುವಷ್ಟರಲ್ಲೇ ಸಾಯುತ್ತವೆ. ಒಣಗಿಸದೆ ಇಟ್ಟರೆ ಒಳಗಿನ ನೀರು ಹೆಪ್ಪುಗಟ್ಟಿ ಜೀವಕೋಶ ಒಡೆಯುತ್ತದೆ. ರಬ್ಬರ್ ಬೀಜವೂ ಇದೇ ಬಗೆಯದು: 1876ರಲ್ಲಿ ಅಮೆಜಾನಿನಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಹಡಗಿನಲ್ಲಿ ಹೋದ ಸುಮಾರು 70 ಸಾವಿರ ರಬ್ಬರ್ ಬೀಜಗಳಲ್ಲಿ ಮೊಳೆತದ್ದು 2,700ರಷ್ಟು ಮಾತ್ರ. ಇಂಥ ಜಾತಿಗಳಿಗೆ ನಿಂತ ಮರವೇ ಬೀಜಭಂಡಾರ.

ಆದರೆ ಜಾತಿಗೊಂದು ಮರ ನೆಟ್ಟು ಬೋರ್ಡು ಹಾಕಿದರೆ ಅದು ಪ್ರದರ್ಶನವಷ್ಟೇ. ಒಂದೇ ಮರದ ಬೀಜದಿಂದ ಬೆಳೆಸಿದವೆಲ್ಲ ಒಡಹುಟ್ಟುಗಳು. ಅವು ತಮ್ಮತಮ್ಮಲ್ಲೇ ಕೂಡಿದರೆ ಮುಂದಿನ ಪೀಳಿಗೆ ಸೊರಗುತ್ತದೆ. ಸಾಧ್ಯವಾದಲ್ಲೆಲ್ಲ 50 ಮರಗಳಿಂದ ಬೀಜ ತರಬೇಕು. ರಾಮಪತ್ರೆಯಂಥವುಗಳಲ್ಲಿ ಗಂಡು, ಹೆಣ್ಣು ಮರಗಳೇ ಬೇರೆ. ಎರಡೂ ಇಲ್ಲದಿದ್ದರೆ ಕಾಯಿ ಕಟ್ಟದು. ಹತ್ತಿರದ ಸಂಬಂಧಿ ಜಾತಿಗಳನ್ನು ಅಕ್ಕಪಕ್ಕ ನೆಟ್ಟರೆ ಬೆರಕೆ ಬೀಜ ಸಿಕ್ಕೀತು, ಅದು ಕಾಡಿಗೆ ಬೇಡ.

ನಿಮ್ಮ ದೇಣಿಗೆ ಹೋಗುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಕೆಲಸಗಳಿಗೆ. ಬಿದ್ದ ಬೀಜವನ್ನು ಬೇಗ ಆರಿಸಿ, ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ, ಗಾಳಿಯಾಡುವ ಚೀಲದಲ್ಲಿ ತರಬೇಕು. ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಿದರೆ ಬಿಸಿಯೇರಿ ಬೂಸು ಹಿಡಿಯುತ್ತದೆ. ತಂದ ಕೂಡಲೇ ಬಿತ್ತನೆ, ನೆರಳುಬಲೆಯಡಿ ಪಾಲನೆ. ಗಿಡ್ಡ ಪಾಲಿಥೀನ್ ಚೀಲದಲ್ಲಿ ತಾಯಿಬೇರು ಸುರುಳಿ ಸುತ್ತಿಕೊಂಡು, ಆ ಮರ ಎಷ್ಟೋ ವರ್ಷಗಳ ಮೇಲೆ ಗಾಳಿಗೆ ಉರುಳುವುದುಂಟು; ಅದಕ್ಕಾಗಿ ಬೇರನ್ನು ನೇರ ಕೆಳಗಿಳಿಸುವ ಆಳದ ಕುಂಡ, ಅಂದರೆ ರೂಟ್ ಟ್ರೇನರ್. ನೆಟ್ಟ ಮೇಲೆ ಕನಿಷ್ಠ ಮೂರು ವರ್ಷ ಕಳೆ, ಬಳ್ಳಿ ತೆಗೆಯಬೇಕು. ಬೆಳೆದ ಮರಗಳ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಬುಡದಿಂದ ಹಲಗೆಯಂತೆ ಚಾಚಿದ ಆನಿಕೆ ಬೇರುಗಳಿದ್ದರೆ ಅವುಗಳ ಮೇಲ್ಗಡೆ, ವರ್ಷವರ್ಷವೂ ಅಳೆಯಬೇಕು. ಎತ್ತರ ಮತ್ತು ಕಟ್ಟಿಗೆಯ ಸಾಂದ್ರತೆ ಜೊತೆಗಿದ್ದರೆ ಇಂಗಾಲದ ಲೆಕ್ಕ ಸಿಗುತ್ತದೆ.

ಸಸಿ ನೆಡುವ ದಿನಕ್ಕೆ ದಾನಿಗಳು ಸಿಗುತ್ತಾರೆ, ಮೂರನೇ ವರ್ಷದ ಕಳೆಗೆ ಸಿಗುವುದಿಲ್ಲ. ಹಾಗಾಗಿ ಒಮ್ಮೆ ಕೊಡುವ ದೊಡ್ಡ ಮೊತ್ತಕ್ಕಿಂತ ಐದು ವರ್ಷ ತಪ್ಪದೆ ಬರುವ ಸಣ್ಣ ಮೊತ್ತವೇ ನಮಗೆ ಹೆಚ್ಚು ಆಸರೆ. ಮರದ ಬಿಲ್ಲೆಯಲ್ಲಿ ದಾನಿಗಳ ಹೆಸರು ಇರುವುದಿಲ್ಲ. ಅಲ್ಲಿನ ಜಾಗ ದಾಖಲೆ ಸಂಖ್ಯೆಗೂ ಬೀಜದ ಮೂಲಸ್ಥಳಕ್ಕೂ ಮೀಸಲು, ಅವು ಕಳೆದುಹೋದರೆ ಆ ಮರ ತಳಿ ಸಂರಕ್ಷಣೆಗೆ ಬಾರದು. ಸತ್ತ ಸಸಿಗಳನ್ನೂ ಸೇರಿಸಿದ ಲೆಕ್ಕ ಪ್ರತಿವರ್ಷ ನಿಮ್ಮ ಕೈಸೇರುತ್ತದೆ. ಹಣ ಕಳಿಸುವಾಗ ‘ತಾಯಿಮರ ನಿಧಿ’ ಎಂದು ನಮೂದಿಸಿ, ರಸೀದಿ ಪಡೆಯಿರಿ.

ಇಂತಿ,
ಟ್ರಸ್ಟಿನ ಧರ್ಮದರ್ಶಿಗಳು