ಕೊನೆಯ ದಿನಾಂಕ ಮುಗಿದ ಮೇಲೆ ನೋಟಿಸ್ ಬೋರ್ಡಿಗೆ ಬರುವ ಸುತ್ತೋಲೆ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸರ್.

ಕಟ್ಟಡ ಕೊಡಿ, ಹುದ್ದೆ ತುಂಬಿ ಅನ್ನುವ ಪತ್ರಗಳು ನಿಮ್ಮ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ಅವೂ ಬೇಕು, ಬೇಡ ಅನ್ನುವುದಿಲ್ಲ. ನಾನು ಕೇಳುವುದು ಸಣ್ಣ ಸಂಗತಿ. ನಮ್ಮ ವಿಶ್ವವಿದ್ಯಾಲಯಗಳ ಜೀವಶಾಸ್ತ್ರ ವಿಭಾಗಗಳಿಗೆ ಬರುವ ಸುದ್ದಿ, ಅಂದರೆ ಫೆಲೋಶಿಪ್, ತರಬೇತಿ, ಪ್ರಾಜೆಕ್ಟ್ ಕೆಲಸ, ಪ್ರವೇಶ ಪರೀಕ್ಷೆ ಇವುಗಳ ಸುದ್ದಿ, ಓದುವ ಮಕ್ಕಳಿಗೆ ಸಮಯಕ್ಕೆ ಸರಿಯಾಗಿ ಮುಟ್ಟಬೇಕು. ಇಷ್ಟಕ್ಕೆಲ್ಲ ಸಚಿವರಿಗೇ ಬರೆಯಬೇಕಾ ಅಂತ ನಿಮಗೆ ಅನ್ನಿಸಬಹುದು. ವಿಭಾಗದಲ್ಲಿ ಕೇಳಿದರೆ ಕುಲಸಚಿವರ ಕಚೇರಿಯ ಕಡೆ ಕೈ ತೋರಿಸುತ್ತಾರೆ, ಅಲ್ಲಿ ಹೋಗಿ ಕೇಳಿದರೆ ‘ನಾವು ಆಗಲೇ ಕಳಿಸಿದ್ದೇವಲ್ಲ’ ಅನ್ನುತ್ತಾರೆ. ನೀವು ನಮ್ಮ ವಿಶ್ವವಿದ್ಯಾಲಯಗಳ ಸಹಕುಲಾಧಿಪತಿ. ಅದಕ್ಕೇ ನಿಮಗೆ.

ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಎಂಎಸ್ಸಿ ಮಾಡಿದವಳು. ಈಗ ಒಂದು ತಾಲ್ಲೂಕು ಊರಿನ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ನನ್ನ ತರಗತಿಯಲ್ಲಿ ಕೂರುವ ಹೆಚ್ಚಿನವರು ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದುವ ಮಕ್ಕಳು. ಪಿಯುಸಿಯಲ್ಲಿ ನೀಟ್ ಬರೆದು, ಸೀಟು ಸಿಗದೆ, ‘ಸರಿ, ಬಿಎಸ್ಸಿ ಮಾಡೋಣ’ ಅಂತ ಬಂದವರು. ಬಂದು ಒಂದು ವರ್ಷ ಆಗುವಷ್ಟರಲ್ಲಿ ಕೆಲವರಿಗೆ ವಿಷಯದ ರುಚಿ ಹತ್ತುತ್ತದೆ. ಮುಂದೇನು ಅಂತ ಕೇಳುತ್ತಾರೆ. ಬಿಎಡ್ ಮಾಡಿ, ಇಲ್ಲಾ ಔಷಧ ಕಂಪನಿಗೆ ಸೇರಿ ಅನ್ನುವ ಎರಡೇ ಉತ್ತರ ಅವರಿಗೆ ಎಲ್ಲ ಕಡೆಯಿಂದ ಸಿಗುತ್ತದೆ.

ಉತ್ತರ ಇನ್ನೂ ಬೇಕಾದಷ್ಟಿದೆ ಸರ್. ಬೆಂಗಳೂರಿನಲ್ಲಿ ಸಿ.ವಿ. ರಾಮನ್ 1934ರಲ್ಲಿ ಶುರು ಮಾಡಿದ ಭಾರತೀಯ ವಿಜ್ಞಾನ ಅಕಾಡೆಮಿ ಇದೆ. ದೆಹಲಿ ಮತ್ತು ಪ್ರಯಾಗರಾಜ್‌ನ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಅದು ಪ್ರತಿ ವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಎರಡು ತಿಂಗಳು ದೇಶದ ಯಾವುದಾದರೂ ಒಳ್ಳೆಯ ಪ್ರಯೋಗಾಲಯದಲ್ಲಿ ಒಬ್ಬ ವಿಜ್ಞಾನಿಯ ಜೊತೆ ಕೆಲಸ, ಕೈಗೆ ಸ್ಟೈಪೆಂಡ್. ವಿದ್ಯಾರ್ಥಿಗಳಿಗೆ ಮಾತ್ರ ಅಲ್ಲ, ಕಾಲೇಜು ಮೇಷ್ಟ್ರುಗಳೂ ಅರ್ಜಿ ಹಾಕಬಹುದು. ಇದು ಎಷ್ಟು ಮೇಷ್ಟ್ರುಗಳಿಗೆ ಗೊತ್ತಿದೆಯೋ, ನನಗೆ ಅನುಮಾನ. ಜಕ್ಕೂರಿನ ಜವಾಹರಲಾಲ್ ನೆಹರು ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಬೇಸಿಗೆ ಫೆಲೋಶಿಪ್ ಇದೆ. ಅದಲ್ಲದೆ ಬಿಎಸ್ಸಿ ಮಕ್ಕಳಿಗೆಂದೇ ಮೂರು ಬೇಸಿಗೆಗಳ ಜೀವಶಾಸ್ತ್ರ ಕಾರ್ಯಕ್ರಮವೂ ಇದೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್ ಇದೆ, ಮಲ್ಲೇಶ್ವರದ ಪಕ್ಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ದೇಶದ ಬೇರೆ ಮೂಲೆಗಳಿಂದ ಮಕ್ಕಳು ರೈಲಿನಲ್ಲಿ ಎರಡು ರಾತ್ರಿ ಕಳೆದು ಇಲ್ಲಿಗೆ ಬರುತ್ತಾರೆ. ನಮ್ಮ ಹುಡುಗರು ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಯಬಹುದಾದ ದೂರ ಅದು.

ವಿಜ್ಞಾನದವರಿಗಿರುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಸಿಎಸ್‌ಐಆರ್ ನೆಟ್ ಪಾಸಾಗಿ ಜೆಆರ್‌ಎಫ್, ಅಂದರೆ ಸಂಶೋಧನಾ ಫೆಲೋಶಿಪ್, ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. 2023ರಿಂದ ಈ ಮೊತ್ತ. ಪಿಎಚ್‌ಡಿ ಮಾಡುವುದೆಂದರೆ ಇನ್ನೂ ಐದು ವರ್ಷ ಅಪ್ಪನ ದುಡ್ಡಿನಲ್ಲಿ ಕೂರುವುದು ಅಂದುಕೊಂಡಿರುವ ಮನೆಗಳು ನಮ್ಮ ಕಡೆ ಎಷ್ಟೋ ಇವೆ. ಈ ಒಂದು ಸಂಖ್ಯೆ ಹೇಳಿದರೆ ಸಾಕು, ಹೆಣ್ಣುಮಕ್ಕಳ ಮದುವೆ ಮಾತು ಎರಡು ವರ್ಷ ಮುಂದಕ್ಕೆ ಹೋಗುತ್ತದೆ. ತಮಾಷೆಗೆ ಹೇಳುತ್ತಿಲ್ಲ. ಇನ್ನು ದ್ವಿತೀಯ ಪಿಯುಸಿಯಲ್ಲಿ ಮಂಡಳಿಯ ಮೇಲಿನ ಶೇ 1ರೊಳಗೆ ಬಂದು ಮೂಲ ವಿಜ್ಞಾನಕ್ಕೆ ಸೇರಿದವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನದ ಅಡಿಯಲ್ಲಿ ವರ್ಷಕ್ಕೆ 80,000 ರೂಪಾಯಿ. ಅಷ್ಟು ಅಂಕ ತೆಗೆದ ಹುಡುಗಿ ಸರ್ಕಾರಿ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ, ಯಾರೂ ಅವಳಿಗೆ ಹೇಳಿರುವುದಿಲ್ಲ.

ಹಾಗಾದರೆ ಸುದ್ದಿ ಎಲ್ಲಿ ನಿಲ್ಲುತ್ತದೆ? ನಾನು ಓದಿದ ವಿಭಾಗದಲ್ಲಿ ಕಂಡದ್ದನ್ನು ಹೇಳುತ್ತೇನೆ. ಸಂಸ್ಥೆಯಿಂದ ಪೋಸ್ಟರ್ ಮತ್ತು ಪತ್ರ ಕುಲಪತಿಗಳ ಹೆಸರಿಗೆ ಬರುತ್ತದೆ. ಟಪಾಲು ವಿಭಾಗದಲ್ಲಿ ಒಡೆದು ಇನ್ವರ್ಡ್ ಸೀಲು ಹೊಡೆಯುತ್ತಾರೆ. ಅಲ್ಲಿಂದ ಕುಲಸಚಿವರಿಗೆ, ಅಲ್ಲಿ ಮೂಲೆಯಲ್ಲಿ ಹಸಿರು ಶಾಯಿಯ ಸಹಿ. ಆಮೇಲೆ ಶೈಕ್ಷಣಿಕ ಶಾಖೆ, ‘ಮಾಹಿತಿಗಾಗಿ’ ಅಂತ ಒಂದು ಹೊದಿಕೆ ಪತ್ರ, ಅದಕ್ಕೊಂದು ಹೊಸ ಸಂಖ್ಯೆ. ಮತ್ತೆ ವಿಭಾಗಕ್ಕೆ ಬಂದು ಅಲ್ಲೊಂದು ಇನ್ವರ್ಡ್. ಅಧ್ಯಕ್ಷರು ರಜೆಯ ಮೇಲಿದ್ದರೆ ಅದು ಟ್ರೇಯಲ್ಲಿ ಮಲಗುತ್ತದೆ. ಕೊನೆಗೆ ಬೋರ್ಡಿಗೆ ಹಾಕಿ ಅಂತ ಬರೆದರೆ, ಬೋರ್ಡಿಗೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ಅಟೆಂಡರ್ ಹತ್ತಿರ. ನಾನು ಎಂಎಸ್ಸಿ ಎರಡನೇ ವರ್ಷದಲ್ಲಿದ್ದಾಗ ಹೀಗೇ ಒಂದು ಹಾಳೆ ಬಂತು. ಅದರ ಮೇಲೆ ನಾಲ್ಕು ಸೀಲು ಇದ್ದವು, ಒಂದರ ಮೇಲೊಂದು, ಕೆಳಗಿನ ಅಕ್ಷರ ಓದಲಿಕ್ಕೇ ಆಗುತ್ತಿರಲಿಲ್ಲ. ಕೊನೆಯ ಸೀಲಿನ ದಿನಾಂಕ, ಅರ್ಜಿ ಹಾಕುವ ಕೊನೆಯ ದಿನ ಕಳೆದು ಮೂರು ವಾರದ ನಂತರದ್ದು. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸ ಮಾಡಿದ್ದಾರೆ, ಸೀಲು ಸಾಕ್ಷಿ! ಹಾಳೆ ಯಾರಿಗೆ ಬೇಕಾಗಿತ್ತೋ ಅವರನ್ನು ಮುಟ್ಟಿಸುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ.

ಈಗ ಎಲ್ಲ ಫೋನಿನಲ್ಲೇ ಸಿಗುತ್ತದೆ, ಹುಡುಕಿಕೊಳ್ಳಲಿ ಅನ್ನುವವರಿದ್ದಾರೆ. ಏನಿದೆ ಅಂತ ಗೊತ್ತಿದ್ದವರು ಹುಡುಕುತ್ತಾರೆ. ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತದ ಹುಡುಗ ಏನು ಅಂತ ಹುಡುಕುತ್ತಾನೆ ಹೇಳಿ? ಅಂಥದ್ದೊಂದು ಫೆಲೋಶಿಪ್ ಇದೆ ಅನ್ನುವುದೇ ಅವನ ಕಿವಿಗೆ ಬಿದ್ದಿಲ್ಲ.

ಗೊತ್ತಾದ ಮೇಲೂ ದಾರಿ ಸಲೀಸಾಗಿಲ್ಲ. ಬೇಸಿಗೆ ಫೆಲೋಶಿಪ್‌ಗೆ ಏಕೆ ಆಸಕ್ತಿ, ಏನು ಕಲಿಯಬೇಕು ಅಂತ ಇಂಗ್ಲಿಷಿನಲ್ಲಿ ಒಂದು ಪುಟ್ಟ ಬರಹ ಬೇಕು, ಮೇಷ್ಟ್ರ ಶಿಫಾರಸು ಪತ್ರ ಬೇಕು. ಮಕ್ಕಳು ಮೇಷ್ಟ್ರನ್ನು ಕೇಳಲು ಹೆದರುತ್ತಾರೆ. ಮೇಷ್ಟ್ರು ನಮ್ಮಂಥ ಅತಿಥಿಗಳಾದರೆ, ಆ ಸೆಮಿಸ್ಟರ್ ಪಾಠ ಮಾಡಿದವರು ಈ ಸೆಮಿಸ್ಟರ್ ಇರುವುದೇ ಇಲ್ಲ. ಶಿಫಾರಸು ಬರೆಯುವವರನ್ನು ಹುಡುಕಿಕೊಂಡು ಮಕ್ಕಳು ಬೇರೆ ಊರಿಗೆ ಹೋದದ್ದು ನನಗೆ ಗೊತ್ತು. ಆಯ್ಕೆಯಾದ ಮೇಲೆ ಹಾಸ್ಟೆಲ್ ಅಡ್ವಾನ್ಸು, ರೈಲು ಚಾರ್ಜು ಎಲ್ಲ ಮೊದಲು ಕೈಯಿಂದ ಹಾಕಬೇಕು, ದುಡ್ಡು ಬರುವುದು ಆಮೇಲೆ. ಆ ‘ಆಮೇಲೆ’ವರೆಗೆ ತಡೆಯುವ ಶಕ್ತಿ ಎಲ್ಲರ ಮನೆಯಲ್ಲಿ ಇರುವುದಿಲ್ಲ, ಅಲ್ವಾ?

ಇದಕ್ಕಿಂತ ಜಾಸ್ತಿ ಹೊಟ್ಟೆ ಉರಿಸುವುದು ನಮ್ಮ ಪರೀಕ್ಷೆಯ ವೇಳಾಪಟ್ಟಿ. ಫೆಲೋಶಿಪ್‌ಗಳು ಹೆಚ್ಚಾಗಿ ಮೇ, ಜೂನ್‌ನಲ್ಲಿ. ನಮ್ಮಲ್ಲಿ ಸೆಮಿಸ್ಟರ್ ಜಾರಿ ಜಾರಿ ಪರೀಕ್ಷೆ ಅದೇ ತಿಂಗಳುಗಳಿಗೆ ಬಂದು ನಿಲ್ಲುತ್ತದೆ, ಒಮ್ಮೊಮ್ಮೆ ಇನ್ನೂ ಮುಂದೆ. ಸಿಕ್ಕಿದ್ದನ್ನು ಬಿಟ್ಟು ಪರೀಕ್ಷೆ ಬರೆಯಲು ವಾಪಸ್ ಬರಬೇಕು. ದೊಡ್ಡ ಸಂಸ್ಥೆಗಳಲ್ಲಿ ಪಿಎಚ್‌ಡಿ ತರಗತಿ ಆಗಸ್ಟ್ ಹೊತ್ತಿಗೆ ಶುರುವಾಗುತ್ತದೆ, ನಮ್ಮ ಎಂಎಸ್ಸಿ ಕೊನೆಯ ಸೆಮಿಸ್ಟರ್ ಫಲಿತಾಂಶ ಆಗ ಬಂದಿರುವುದೇ ಇಲ್ಲ. ಪ್ರವೇಶ ಪರೀಕ್ಷೆ ಪಾಸಾಗಿ, ಸಂದರ್ಶನ ದಾಟಿ, ಅಂಕಪಟ್ಟಿ ಇಲ್ಲದೆ ಪರೀಕ್ಷಾಂಗ ವಿಭಾಗದ ಕಿಟಕಿಯ ಮುಂದೆ ನಿಲ್ಲುವ ಮಕ್ಕಳ ಮುಖ ನೋಡಬೇಕು ನೀವು. ಸಾಹಿತ್ಯ, ವಾಣಿಜ್ಯ ವಿಭಾಗದವರಿಗೂ ಇದೇ ಗೋಳು, ಒಪ್ಪುತ್ತೇನೆ. ಆದರೆ ಜೀವಶಾಸ್ತ್ರದಲ್ಲಿ ಲ್ಯಾಬಿನ ಜಾಗ ಒಂದು ವರ್ಷ ಕಾಯುವುದಿಲ್ಲ.

ಇನ್ನೊಂದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಜೀವಶಾಸ್ತ್ರ ಅಂದರೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಜೀವರಸಾಯನ, ಬಯೋಟೆಕ್. ಐದು ವಿಭಾಗ, ಐದು ಬೀಗ. ಮೇಲಿನ ಮಹಡಿಯ ಬಯೋಟೆಕ್ ಮೇಷ್ಟ್ರಿಗೆ ಪ್ರಾಜೆಕ್ಟ್ ಬಂದು ಅದರಲ್ಲಿ ಒಂದು ಫೆಲೋ ಹುದ್ದೆ ಇದ್ದರೆ ಕೆಳಗಿನ ಮಹಡಿಯ ಸಸ್ಯಶಾಸ್ತ್ರದವರಿಗೆ ಗೊತ್ತಾಗುವುದು ಸಂದರ್ಶನ ಮುಗಿದ ಮೇಲೆ. ವಿಭಾಗದ ಒಳಗಿನ ಒಳ್ಳೆಯ ಸುದ್ದಿಯೂ ಹೊರಗೆ ಬರುವುದಿಲ್ಲ. ಮಂಗಳೂರು ನಗರದ ಕೈಗಾರಿಕಾ ಪ್ರದೇಶದಲ್ಲಿ, ಕಾರ್ಖಾನೆಗಳ ನಡುವೆ, ಹೊಸ ಜಾತಿಯ ಪುಟ್ಟ ಕಪ್ಪೆಯೊಂದು ಸಿಕ್ಕಿ 2018ರಲ್ಲಿ ‘ಮೈಕ್ರೋಹೈಲಾ ಕೋಡಿಯಾಲ್’ ಅಂತ ಹೆಸರು ಪಡೆಯಿತು. ಕೆಲಸ ಮಾಡಿದವರಲ್ಲಿ ಮಂಗಳೂರು ವಿಶ್ವವಿದ್ಯಾಲಯದವರಿದ್ದರು. ಕಾಡಿಗೆ ಹೋಗಬೇಕಿಲ್ಲ, ಪಕ್ಕದ ಚರಂಡಿ ಬದಿಯಲ್ಲೂ ವಿಜ್ಞಾನ ಇದೆ ಅಂತ ಮಕ್ಕಳಿಗೆ ಹೇಳಲು ಇದಕ್ಕಿಂತ ಉದಾಹರಣೆ ಬೇಕಾ? ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೋಸೊಫಿಲಾ ಹಣ್ಣುನೊಣಗಳ ಸ್ಟಾಕ್ ಸೆಂಟರ್ ಇದೆ. ಅನುವಂಶೀಯತೆಯ ಪಾಠದಲ್ಲಿ ಬಿಳಿ ಕಣ್ಣಿನ ನೊಣದ ಚಿತ್ರ ಬರೆದು ಬರೆದು ಬೇಸತ್ತ ನನ್ನ ಮಕ್ಕಳಿಗೆ, ಆ ನೊಣವನ್ನು ಬಾಟಲಿಯಲ್ಲಿ ಸಾಕುವ ಜಾಗ ನಮ್ಮ ರಾಜ್ಯದಲ್ಲೇ ಇದೆ ಅಂದಾಗ ನಂಬಲಿಲ್ಲ.

ಅವಕಾಶ ಅಂದರೆ ಬೆಂಗಳೂರಿಗೆ ಹೋಗುವುದೊಂದೇ ಅಂತಲೂ ನಾನು ಹೇಳುತ್ತಿಲ್ಲ. ನಿಮ್ಮ ಸರ್ಕಾರದ ಬೇರೆ ಇಲಾಖೆಗಳಲ್ಲೇ ಜೀವಶಾಸ್ತ್ರ ಓದಿದವರಿಗೆ ಕೆಲಸ ಬಿದ್ದಿದೆ. ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ. ಇವತ್ತಿಗೂ ಮಲೆನಾಡಿನಲ್ಲಿ ಚಳಿಗಾಲ ಕಳೆದು ಬೇಸಿಗೆ ಬಂತೆಂದರೆ ಜನ ಅದನ್ನು ಹರಡುವ ಉಣುಗಿಗೆ ಹೆದರುತ್ತಾರೆ. ಕಾಡಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆದುಕೊಂಡು ಹೋದರೆ ಉಣುಗುಗಳು ಅದಕ್ಕೆ ಹತ್ತಿಕೊಳ್ಳುತ್ತವೆ. ಅವನ್ನು ಚಿಮುಟದಲ್ಲಿ ಹೆಕ್ಕಿ, ಜಾತಿ ಗುರುತಿಸಿ, ಪರೀಕ್ಷೆಗೆ ಕಳಿಸಬೇಕು. ಇದನ್ನು ಕಲಿತ ಪ್ರಾಣಿಶಾಸ್ತ್ರದ ಹುಡುಗ ಆರೋಗ್ಯ ಇಲಾಖೆಗೆ ಎಷ್ಟು ಉಪಯೋಗಕ್ಕೆ ಬರುತ್ತಾನೆ! ಡೆಂಗಿ ಸೊಳ್ಳೆಯ ಲಾರ್ವಾ ಸಮೀಕ್ಷೆಗೂ ಇದೇ ಮಾತು. ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಪ್ರತಿ ಪಂಚಾಯಿತಿಯಲ್ಲಿ ಒಂದು ಸಮಿತಿ, ಊರಿನ ಗಿಡಮರ, ಪ್ರಾಣಿಪಕ್ಷಿಗಳನ್ನು ಬರೆದಿಡುವ ಒಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿ ಗಡುವು ಕೊಟ್ಟಾಗ ದೇಶದ ತುಂಬ ಅವಸರದಲ್ಲಿ ಈ ದಾಖಲಾತಿ ತಯಾರಾದವು. ಅವನ್ನು ತೆರೆದು ನೋಡಿ, ಊರಿನ ಕೆರೆ, ಗೋಮಾಳ, ದೇವರಕಾಡು ಸುತ್ತಿ ತಿದ್ದುವ ಕೆಲಸವನ್ನು ಅದೇ ಊರಿನ ಬಿಎಸ್ಸಿ, ಎಂಎಸ್ಸಿ ಮಕ್ಕಳ ಪ್ರಾಜೆಕ್ಟ್ ಆಗಿ ಕೊಡಬಾರದೇಕೆ? ಈಗ ಅವರು ಮಾಡುವ ಪ್ರಾಜೆಕ್ಟ್ ಎಷ್ಟೋ ಕಡೆ ಹಿಂದಿನ ಬ್ಯಾಚಿನದ್ದನ್ನು ಹೆಸರು ಬದಲಿಸಿ ಸ್ಪೈರಲ್ ಬೈಂಡ್ ಮಾಡಿದ್ದು. ಅದು ನಿಮಗೂ ಗೊತ್ತಿರಬೇಕು.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಪದವಿ ಸೇರುವ ಪ್ರತಿ ಮಗುವಿನ ಮೊಬೈಲ್ ಸಂಖ್ಯೆ ಪ್ರವೇಶ, ಪರೀಕ್ಷೆ ಎಲ್ಲ ನಡೆಯುವ ರಾಜ್ಯದ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಲ್ಲಿ ಆಗಲೇ ಇದೆ. ಶುಲ್ಕ ಕಟ್ಟಿ, ಪರೀಕ್ಷೆಗೆ ನೋಂದಾಯಿಸಿ ಅಂತ ಅದಕ್ಕೆ ಸಂದೇಶ ಬರುತ್ತದೆ. ಅದೇ ಸಂಖ್ಯೆಗೆ, ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಕರೆದಿದ್ದಾರೆ, ಕೊನೆಯ ದಿನ ಇಂಥದ್ದು, ಅಂತ ಕನ್ನಡದಲ್ಲಿ ಎರಡು ಸಾಲು ಹೋಗಲಿ. ಹೊಸ ಆ್ಯಪ್ ಬೇಡ, ಉದ್ಘಾಟನೆ ಬೇಡ. ಪ್ರತಿ ವಿಶ್ವವಿದ್ಯಾಲಯದ ಐದೂ ಜೀವಶಾಸ್ತ್ರ ವಿಭಾಗಗಳಿಗೆ ಸೇರಿ ಒಬ್ಬ ಮೇಷ್ಟ್ರಿಗೆ ಈ ಹೊಣೆ ಕೊಡಿ. ಸುಮ್ನೆ ಹೆಸರಿಗೆ ಸಂಯೋಜಕ ಅಂತ ಮಾಡಿ ಬಿಟ್ಟರೆ ಮತ್ತೊಂದು ಸೀಲು ಸೇರುತ್ತದೆ ಅಷ್ಟೇ. ವಾರಕ್ಕೆ ಎರಡು ತರಗತಿ ಕಡಿಮೆ ಮಾಡಿ ಕೊಡಿ, ಸಂಯೋಜಿತ ಕಾಲೇಜುಗಳ ಮಕ್ಕಳ ಅರ್ಜಿ, ಶಿಫಾರಸು ಪತ್ರ ನೋಡುವುದೂ ಅವರ ಕೆಲಸದ ಭಾಗವಾಗಲಿ. ವರ್ಷದ ಕೊನೆಗೆ ಎಷ್ಟು ಮಕ್ಕಳು ಅರ್ಜಿ ಹಾಕಿದರು ಅಂತ ಕೇಳಿ, ಎಷ್ಟು ಸುತ್ತೋಲೆ ಕಳಿಸಿದಿರಿ ಅಂತ ಕೇಳಬೇಡಿ. ಆಯ್ಕೆಯಾದ ಸರ್ಕಾರಿ ಕಾಲೇಜಿನ ಮಗುವಿಗೆ ಹೊರಡುವ ಮುಂಚೆ ಹತ್ತು ಸಾವಿರ ಮುಂಗಡ ಕೊಡಿ, ಸ್ಟೈಪೆಂಡ್ ಬಂದ ಮೇಲೆ ವಾಪಸ್ ಕಟ್ಟುತ್ತಾರೆ. ಕಟ್ಟದ ಒಂದಿಬ್ಬರು ಇರುತ್ತಾರೆ, ಅದಕ್ಕೆ ಹೆದರಬೇಡಿ. ಪಿಎಚ್‌ಡಿಗೆ ಆಯ್ಕೆಯಾದವರ ಉತ್ತರ ಪತ್ರಿಕೆಯನ್ನು ಮೊದಲು ತಿದ್ದಿಸಿ ತಾತ್ಕಾಲಿಕ ಅಂಕಪಟ್ಟಿ ಕೊಡುವ ವ್ಯವಸ್ಥೆ ಮಾಡಿ.

2024ರಲ್ಲಿ ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ತಂದಿರಿ. ಆ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮೂರು ವರ್ಷದ ಓದಿನ ನಡುವೆ ಬೇಸಿಗೆ ಸಿಗುವುದು ಎರಡೇ, ಒಂದು ಸಲ ಕೊನೆಯ ದಿನಾಂಕ ತಪ್ಪಿದರೆ ಉಳಿಯುವುದು ಒಂದು. ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಬೇಕೋ ವಿಲೀನ ಮಾಡಬೇಕೋ ಅಂತ 2025ರಲ್ಲಿ ಅಷ್ಟೊಂದು ಚರ್ಚೆಯಾಯಿತು. ಅಲ್ಲಿನ ಮಕ್ಕಳಿಗೆ ಇಂಥ ಸುದ್ದಿ ಹೋಗುತ್ತಿದೆಯೇ ಅಂತ ಯಾರಾದರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಅಕಾಡೆಮಿಗಳ ಅರ್ಜಿ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಮುಗಿಯುತ್ತದೆ, ಜಕ್ಕೂರಿನದ್ದು ಅದರ ಹಿಂದೆಮುಂದೆ. ದಸರಾ ರಜೆಗೆ ಮುಂಚೆ ನಿಮ್ಮ ಕಚೇರಿಯಿಂದ ಆದೇಶ ಹೊರಟರೆ ಈ ಸಲದ ಮಕ್ಕಳಿಗೇ ಉಪಯೋಗವಾಗುತ್ತದೆ. ಆದೇಶವನ್ನು ಟಪಾಲಿನಲ್ಲಿ ಮಾತ್ರ ಕಳಿಸಬೇಡಿ ಸರ್, ದಯವಿಟ್ಟು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರಾಣಿಶಾಸ್ತ್ರ ಉಪನ್ಯಾಸಕಿ